ಸುಂಟರಗಾಳಿಗೆ ಹದಿನಾರು ನಿಮಿಷ ಮುಂಚೆ

2013ರ ಮೇ 20, ಸೋಮವಾರ. ಅಮೆರಿಕದ ಒಕ್ಲಹೋಮ ರಾಜ್ಯದ ಮೂರ್ ಪಟ್ಟಣದಲ್ಲಿ ಶಾಲೆ ಬಿಡುವ ಹೊತ್ತು ಹತ್ತಿರವಾಗುತ್ತಿತ್ತು. ಮಧ್ಯಾಹ್ನ 2 ಗಂಟೆ 40 ನಿಮಿಷಕ್ಕೆ ಪಕ್ಕದ ನಾರ್ಮನ್ ನಗರದ ಹವಾಮಾನ ಕಚೇರಿಯಿಂದ ಸುಂಟರಗಾಳಿಯ ಎಚ್ಚರಿಕೆ ಹೊರಬಿತ್ತು. ಆಗಿನ್ನೂ ಸುಂಟರಗಾಳಿ ಹುಟ್ಟಿರಲೇ ಇಲ್ಲ. 2.56ಕ್ಕೆ ಅದು ನೆಲ ಮುಟ್ಟಿತು. 3.01ಕ್ಕೆ ಅದೇ ಕಚೇರಿ ತನ್ನ ಬತ್ತಳಿಕೆಯ ಕೊನೆಯ ಅಸ್ತ್ರವಾದ ‘ಟಾರ್ನೆಡೊ ಎಮರ್ಜೆನ್ಸಿ’ಯನ್ನು ಘೋಷಿಸಿತು. ಮುಂದೆ ಅರ್ಧ ಗಂಟೆಗೂ ಹೆಚ್ಚು ಕಾಲ ಆ ಗಾಳಿ ಊರನ್ನು ಉಳುತ್ತಾ ಹೋಯಿತು. ಸುಮಾರು 22 ಕಿ.ಮೀ. ಉದ್ದದ ದಾರಿ, ತೀರಾ ಅಗಲವಾದ ಕಡೆ 1.7 ಕಿ.ಮೀ., ಗಂಟೆಗೆ ಸುಮಾರು 340 ಕಿ.ಮೀ. ವೇಗ. ಸತ್ತವರು 24 ಮಂದಿ. ಅವರಲ್ಲಿ ಏಳು ಮಂದಿ ಪ್ಲಾಜಾ ಟವರ್ಸ್ ಪ್ರಾಥಮಿಕ ಶಾಲೆಯ ಮಕ್ಕಳು.

ಅದೇ ದಾರಿಯಲ್ಲಿದ್ದ ಮೂರ್‌ನ ಆಸ್ಪತ್ರೆ ಪೂರ್ತಿ ಹಾಳಾಯಿತು, ಒಳಗಿದ್ದವರಲ್ಲಿ ಒಬ್ಬರೂ ಸಾಯಲಿಲ್ಲ. ಬ್ರೈಯರ್‌ವುಡ್ ಎಂಬ ಇನ್ನೊಂದು ಶಾಲೆ ನೆಲಸಮವಾಯಿತು, ಅಲ್ಲಿ ಮಕ್ಕಳೆಲ್ಲ ಬದುಕಿದರು. ಎಲ್ಲರಿಗೂ ಬಂದದ್ದು ಒಂದೇ ಎಚ್ಚರಿಕೆ, ಸಿಕ್ಕಿದ್ದು ಹೆಚ್ಚುಕಡಿಮೆ ಅಷ್ಟೇ ಸಮಯ. ಸುಂಟರಗಾಳಿ ಹುಟ್ಟುವ ಹದಿನಾರು ನಿಮಿಷ ಮೊದಲೇ ಅದರ ಸುಳಿವು ಹಿಡಿಯುವುದನ್ನು ವಿಜ್ಞಾನ ಕಲಿತಿದೆ. ಆ ಹದಿನಾರು ನಿಮಿಷ ಯಾರ ಕೈಯಲ್ಲಿ ಏನಾಗುತ್ತದೆ ಎಂಬುದು ಮಾತ್ರ ರಾಡಾರ್‌ನ ಅಳವಿಗೆ ಮೀರಿದ ವಿಚಾರ.

ಆ ಬಯಲಿಗೇ ಏಕೆ?

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳು ಏಳುತ್ತವೆ. ಜಗತ್ತಿನ ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಕಾರಣ ಆ ನೆಲದ ಇರುವಿಕೆಯಲ್ಲೇ ಇದೆ. ದಕ್ಷಿಣಕ್ಕೆ ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ ನೀರು, ಪಶ್ಚಿಮಕ್ಕೆ ರಾಕಿ ಪರ್ವತಗಳು, ಉತ್ತರಕ್ಕೆ ಕೆನಡಾವರೆಗೂ ಅಡ್ಡಿಯಿಲ್ಲದ ಬಯಲು. ವಸಂತದಲ್ಲಿ ಕೊಲ್ಲಿಯ ತೇವದ ಗಾಳಿ ನೆಲದ ಮಟ್ಟದಲ್ಲಿ ಉತ್ತರಕ್ಕೆ ನುಗ್ಗುತ್ತದೆ. ಅದರ ಮೇಲೆ ನೈಋತ್ಯದ ಒಣಭೂಮಿಯಿಂದ ಬಂದ ಬಿಸಿ ಗಾಳಿಯ ಪದರವೊಂದು ಕೂರುತ್ತದೆ. ಇನ್ನೂ ಎತ್ತರದಲ್ಲಿ ಪಶ್ಚಿಮದಿಂದ ತಣ್ಣನೆಯ ಗಾಳಿ ರಭಸದಿಂದ ಹರಿಯುತ್ತಿರುತ್ತದೆ. ನಡುವಿನ ಬಿಸಿ ಪದರ ಮಧ್ಯಾಹ್ನದವರೆಗೂ ಕೆಳಗಿನ ತೇವದ ಗಾಳಿಯನ್ನು ಮೇಲೇಳಲು ಬಿಡುವುದಿಲ್ಲ. ನೆಲ ಕಾದು ಕಾದು ಆ ತಡೆ ಮುರಿದಾಗ ಅಷ್ಟೂ ಶಕ್ತಿ ಒಂದೇ ಸಲ ಆಕಾಶಕ್ಕೆ ನುಗ್ಗುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಹದಿನೈದು ಕಿ.ಮೀ. ಎತ್ತರದ ಗುಡುಗು ಮೋಡ ನಿಂತುಬಿಡುತ್ತದೆ.

ನಮ್ಮಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಇಂಥ ಎತ್ತರದ ಮೋಡಗಳೇಳುತ್ತವೆ. ಆದರೆ ಅಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ನೆಲದ ಹತ್ತಿರ ಗಾಳಿ ಒಂದು ದಿಕ್ಕಿನಿಂದ ಮೆಲ್ಲಗೆ, ಮೇಲೆ ಇನ್ನೊಂದು ದಿಕ್ಕಿನಿಂದ ಜೋರಾಗಿ ಬೀಸುತ್ತದೆ. ಈ ಎರಡರ ನಡುವೆ ಸಿಕ್ಕಿದ ಗಾಳಿ ಲಟ್ಟಣಿಗೆಯಂತೆ ಅಡ್ಡಡ್ಡ ಉರುಳತೊಡಗುತ್ತದೆ. ಮೇಲೇಳುವ ಬಿಸಿಗಾಳಿ ಆ ಉರುಳನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಾಗ ಮೋಡಕ್ಕೆ ಮೋಡವೇ ತಿರುಗುತ್ತದೆ. ಇದೇ ‘ಸೂಪರ್‌ಸೆಲ್’. ತಿರುಗುವ ಮೋಡಗಳಲ್ಲೆಲ್ಲ ಸುಂಟರಗಾಳಿ ಇಳಿಯುವುದಿಲ್ಲ, ಬಹುಪಾಲು ಆಲಿಕಲ್ಲು, ಮಳೆ ಸುರಿಸಿ ಮುಗಿದುಹೋಗುತ್ತವೆ. ಯಾವುದು ಇಳಿಸುತ್ತದೆ, ಯಾವುದು ಇಳಿಸುವುದಿಲ್ಲ ಎಂದು ಮುಂಚಿತವಾಗಿ ಖಚಿತವಾಗಿ ಹೇಳುವುದು ಇಂದಿಗೂ ಆಗಿಲ್ಲ. ಹವಾಮಾನ ಕಚೇರಿಯ ತಲೆನೋವೆಲ್ಲ ಶುರುವಾಗುವುದು ಇಲ್ಲಿಂದ.

ಹೇಳಬಾರದೆಂದಿದ್ದ ಕಾಲ

ಸುಂಟರಗಾಳಿಯ ಮುನ್ಸೂಚನೆಗೆ ಮೊದಲು ಕೈಹಾಕಿದವನು ಅಮೆರಿಕ ಸೇನೆಯ ಸಿಗ್ನಲ್ ಕೋರ್‌ನ ಜಾನ್ ಪಾರ್ಕ್ ಫಿನ್ಲೆ. 1884ರಲ್ಲಿ ಆತ ದೇಶವನ್ನು ಭಾಗಗಳಾಗಿ ವಿಂಗಡಿಸಿ, ಎಲ್ಲಿ ಬರಬಹುದು, ಎಲ್ಲಿ ಬರಲಾರದು ಎಂದು ದಿನದಿನವೂ ಬರೆದಿಟ್ಟ. ಒಟ್ಟು 2,803 ಮುನ್ಸೂಚನೆಗಳಲ್ಲಿ ಶೇ 96.6ರಷ್ಟು ಸರಿಯಾಗಿವೆ ಎಂದು ಲೆಕ್ಕ ಒಪ್ಪಿಸಿದ. ಆಗ ಗಿಲ್ಬರ್ಟ್ ಎಂಬ ಭೂವಿಜ್ಞಾನಿ ಅದರ ಹುಳುಕನ್ನು ಎತ್ತಿ ತೋರಿಸಿದ. ಪ್ರತಿದಿನವೂ ಎಲ್ಲ ಕಡೆಗೂ ‘ಸುಂಟರಗಾಳಿ ಬರುವುದಿಲ್ಲ’ ಎಂದು ಕಣ್ಣುಮುಚ್ಚಿ ಬರೆದಿದ್ದರೂ ಶೇ 98.2ರಷ್ಟು ಸರಿಯಾಗುತ್ತಿತ್ತು! ಫಿನ್ಲೆ ‘ಬರುತ್ತದೆ’ ಎಂದ ನೂರು ಸಲದಲ್ಲಿ ಬಂದದ್ದು 28 ಸಲ ಮಾತ್ರ. ಅಪರೂಪದ ಅಪಾಯವನ್ನು ಮುಂಚಿತವಾಗಿ ಹೇಳುವವರು ಇಂದಿಗೂ ಎದುರಿಸುವ ಸಂಕಟ ಇದೇ.

ಅದೇ ದಶಕದಲ್ಲಿ ಸರ್ಕಾರಿ ಮುನ್ಸೂಚನೆಗಳಲ್ಲಿ ಟಾರ್ನೆಡೊ ಎಂಬ ಪದವನ್ನೇ ಬಳಸಕೂಡದೆಂಬ ಕಟ್ಟಪ್ಪಣೆ ಬಂತು. ಗಾಳಿಗಿಂತ ಗಾಬರಿಯಿಂದಲೇ ಜನ ಹೆಚ್ಚು ಹಾಳಾಗುತ್ತಾರೆ ಎಂಬುದು ಅಧಿಕಾರಿಗಳ ವಾದ. 1925ರ ಮಾರ್ಚ್ 18ರಂದು ಮಿಸೌರಿ, ಇಲಿನಾಯ್, ಇಂಡಿಯಾನಾ ರಾಜ್ಯಗಳ ಮೂಲಕ ಸುಮಾರು 350 ಕಿ.ಮೀ. ಸಾಗಿದ ಒಂದೇ ಸುಂಟರಗಾಳಿ 695 ಜನರನ್ನು ಕೊಂದಿತು. ಮೂರೂವರೆ ಗಂಟೆ ಅದು ನೆಲದ ಮೇಲಿತ್ತು. ಒಂದು ಊರನ್ನು ಮುಗಿಸಿ ಮುಂದಿನ ಊರಿಗೆ ಹೋಗುವಷ್ಟರಲ್ಲಿ ಸುದ್ದಿ ಮುಟ್ಟಿಸಬಹುದಿತ್ತು, ಮುಟ್ಟಿಸುವ ವ್ಯವಸ್ಥೆ ಇರಲಿಲ್ಲ.

ಕಟ್ಟು ಸಡಿಲಗೊಂಡದ್ದು ಸೇನೆಯ ದೆಸೆಯಿಂದ. 1948ರ ಮಾರ್ಚ್ 20ರಂದು ಒಕ್ಲಹೋಮದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಬಡಿದು ಹತ್ತಾರು ವಿಮಾನಗಳು ನುಜ್ಜುಗುಜ್ಜಾದವು. ಮುಂದಿನ ಸಲ ಮೊದಲೇ ತಿಳಿಸಿ ಎಂದು ಮೇಲಧಿಕಾರಿಗಳು ತಮ್ಮ ಹವಾಮಾನ ಅಧಿಕಾರಿಗಳಾದ ಮೇಜರ್ ಅರ್ನೆಸ್ಟ್ ಫಾಬುಶ್ ಮತ್ತು ಕ್ಯಾಪ್ಟನ್ ರಾಬರ್ಟ್ ಮಿಲ್ಲರ್ ಅವರಿಗೆ ಹೇಳಿದರು. ಇಬ್ಬರೂ ಹಳೆಯ ನಕ್ಷೆಗಳನ್ನೆಲ್ಲ ಹರಡಿಕೊಂಡು ಕೂತರು. ಐದೇ ದಿನಕ್ಕೆ, ಮಾರ್ಚ್ 25ರಂದು, ನಕ್ಷೆಯಲ್ಲಿ ಅದೇ ಲಕ್ಷಣ ಮತ್ತೆ ಕಾಣಿಸಿತು. ಒಂದೇ ಜಾಗಕ್ಕೆ ಒಂದೇ ವಾರದಲ್ಲಿ ಎರಡನೇ ಸಲ ಬರುತ್ತದೆ ಎಂದರೆ ನಂಬುವವರಾರು? ಆದರೂ ಬರೆದುಕೊಟ್ಟರು. ವಿಮಾನಗಳನ್ನು ಒಳಗೆ ಕಟ್ಟಿ ಭದ್ರಪಡಿಸಲಾಯಿತು. ಸಂಜೆ ಆರರ ಹೊತ್ತಿಗೆ ಸುಂಟರಗಾಳಿ ನೆಲೆಗೆ ನುಗ್ಗಿತು, ಒಂದು ಜೀವವೂ ಹೋಗಲಿಲ್ಲ. ಆಧುನಿಕ ಕಾಲದ ಮೊದಲ ಯಶಸ್ವಿ ಮುನ್ಸೂಚನೆ ಅದು. ಸೇನೆಗೆ ಸಿಗುವ ಎಚ್ಚರಿಕೆ ಸಾಮಾನ್ಯ ಜನರಿಗೇಕಿಲ್ಲ ಎಂಬ ಕೂಗೆದ್ದ ಮೇಲೆ ನಾಗರಿಕ ಇಲಾಖೆಯೂ 1950ರ ದಶಕದ ಆರಂಭದಲ್ಲಿ ಬಾಯಿ ಬಿಟ್ಟಿತು.

ಕೊಕ್ಕೆಯಾಕಾರದ ಗುರುತು

ಎರಡನೇ ಮಹಾಯುದ್ಧದಲ್ಲಿ ವೈರಿ ವಿಮಾನಗಳನ್ನು ಹುಡುಕಲು ಬಳಸಿದ ರಾಡಾರ್‌ಗೆ ಮಳೆಮೋಡ ಅಡ್ಡ ಬರುತ್ತಿತ್ತು. ಯುದ್ಧ ಮುಗಿದ ಮೇಲೆ ಆ ಅಡ್ಡಿಯೇ ಕೆಲಸಕ್ಕೆ ಬಂತು. 1953ರ ಏಪ್ರಿಲ್ 9ರಂದು ಇಲಿನಾಯ್ ರಾಜ್ಯದ ಶಾಂಪೇನ್ ವಿಮಾನ ನಿಲ್ದಾಣದಲ್ಲಿ ಮಳೆ ಅಳೆಯುವ ಸಂಶೋಧನೆಗೆಂದು ಇಟ್ಟಿದ್ದ ರಾಡಾರ್‌ನ ಪರದೆಯಲ್ಲಿ ಮೋಡದ ನೈಋತ್ಯ ಮೂಲೆಯಿಂದ ಕೊಕ್ಕೆಯಂಥ ಆಕಾರವೊಂದು ಚಾಚಿಕೊಂಡಿತು. ತಂತ್ರಜ್ಞ ಡೊನಾಲ್ಡ್ ಸ್ಟ್ಯಾಗ್ಸ್ ಅದನ್ನು ಬಿಡದೆ ಚಿತ್ರೀಕರಿಸಿಕೊಂಡರು. ಆ ಕೊಕ್ಕೆ ಕಂಡ ಜಾಗದಲ್ಲೇ ನೆಲದ ಮೇಲೆ ಸುಂಟರಗಾಳಿ ಓಡಾಡುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ತಿರುಗುವ ಗಾಳಿ ಮಳೆಯನ್ನು ತನ್ನ ಸುತ್ತ ಎಳೆದುಕೊಂಡಾಗ ಈ ಆಕಾರ ಮೂಡುತ್ತದೆ. ಇಂದಿಗೂ ಮುನ್ಸೂಚಕರ ಕಣ್ಣು ಮೊದಲು ಅರಸುವುದು ಅದನ್ನೇ.

ಆದರೆ ಕೊಕ್ಕೆ ಕಾಣುವ ಹೊತ್ತಿಗೆ ಬಹಳ ಸಲ ಕಾಲ ಮಿಂಚಿರುತ್ತಿತ್ತು. ಮಳೆ ಎಲ್ಲಿದೆ ಎಂದು ತಿಳಿದರೆ ಸಾಲದು, ಗಾಳಿ ಹೇಗೆ ತಿರುಗುತ್ತಿದೆ ಎಂದೂ ತಿಳಿಯಬೇಕು. ಡಾಪ್ಲರ್ ರಾಡಾರ್ ಬಂದದ್ದು ಇದಕ್ಕೆ. ಮಳೆಹನಿಗೆ ಬಡಿದು ಮರಳುವ ಅಲೆಯ ಆವರ್ತನದಲ್ಲಿ ಆಗುವ ಸಣ್ಣ ವ್ಯತ್ಯಾಸದಿಂದ ಆ ಹನಿ ರಾಡಾರ್‌ನತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ, ಎಷ್ಟು ವೇಗದಲ್ಲಿ ಎಂಬುದು ಗೊತ್ತಾಗುತ್ತದೆ. ಬರುವುದು ಪರದೆಯಲ್ಲಿ ಹಸಿರು, ಹೋಗುವುದು ಕೆಂಪು. ಕಡುಹಸಿರಿಗೆ ಅಂಟಿಕೊಂಡೇ ಕಡುಗೆಂಪು ಕಂಡರೆ ಅಲ್ಲಿ ಗಾಳಿ ಬಿಗಿಯಾಗಿ ಸುತ್ತುತ್ತಿದೆ ಎಂದರ್ಥ. 1973ರ ಮೇ 24ರಂದು ಒಕ್ಲಹೋಮದ ಯೂನಿಯನ್ ಸಿಟಿಯನ್ನು ಹಾಳುಗೆಡವಿದ ಸುಂಟರಗಾಳಿಯನ್ನು ನಾರ್ಮನ್‌ನ ರಾಷ್ಟ್ರೀಯ ಬಿರುಗಾಳಿ ಪ್ರಯೋಗಾಲಯ ಹುಟ್ಟಿನಿಂದ ಸಾವಿನವರೆಗೂ ಡಾಪ್ಲರ್‌ನಲ್ಲಿ ಹಿಂಬಾಲಿಸಿತು. ಅದು ನೆಲ ಮುಟ್ಟುವ ಮುಂಚೆಯೇ ಮೋಡದ ಮಧ್ಯಭಾಗದಲ್ಲಿ ಸುತ್ತಾಟ ಶುರುವಾಗಿದ್ದುದು ದಾಖಲೆಗಳನ್ನು ಪರಿಶೀಲಿಸಿದಾಗ ಕಂಡಿತು. ದೇಶಕ್ಕೆಲ್ಲ ಸುಮಾರು 160 ಡಾಪ್ಲರ್ ರಾಡಾರ್‌ಗಳ ಜಾಲ ಹಬ್ಬಿದ್ದು 1990ರ ದಶಕದಲ್ಲಿ. ಸರಾಸರಿ ಐದಾರು ನಿಮಿಷವಿದ್ದ ಮುಂಗಡ ಸಮಯ ಅದರಿಂದ ಹನ್ನೆರಡು, ಹದಿಮೂರು ನಿಮಿಷಕ್ಕೆ ಏರಿತು.

2013ರ ಹೊತ್ತಿಗೆ ಈ ರಾಡಾರ್‌ಗಳಿಗೆ ಇನ್ನೊಂದು ಶಕ್ತಿ ಬಂತು. ಅಡ್ಡಕ್ಕೂ ಉದ್ದಕ್ಕೂ ಎರಡು ಬಗೆಯ ಅಲೆ ಕಳಿಸಿ ಹೋಲಿಸಿದರೆ, ಗಾಳಿಯಲ್ಲಿರುವುದು ಮಳೆಹನಿಯೋ ಆಲಿಕಲ್ಲೋ ಅಥವಾ ಬೇರೇನಾದರೂ ಇದೆಯೋ ಎಂದು ತಿಳಿಯುತ್ತದೆ. ಹಲಗೆ, ತಗಡು, ಎಲೆ, ಮನೆಯೊಳಗಿನ ಸಾಮಾನು ಹಾರತೊಡಗಿದರೆ ಪರದೆಯಲ್ಲಿ ಆ ಜಾಗ ಬೇರೆಯಾಗಿಯೇ ಎದ್ದು ಕಾಣುತ್ತದೆ. ಕಗ್ಗತ್ತಲಲ್ಲೂ ಸುಂಟರಗಾಳಿ ನೆಲದ ಮೇಲಿದೆ ಎಂದು ಖಚಿತಪಡಿಸುವ ಗುರುತು ಇದು. ಇದು ಕಂಡಿತೆಂದರೆ ಯಾರದೋ ಮನೆ ಆಗಲೇ ಹೋಗಿದೆ ಎಂದೂ ಅರ್ಥ.

ರಾಡಾರ್ ಕಾಣದ್ದನ್ನು ಕಾಣುವವರು

ರಾಡಾರ್‌ಗೊಂದು ಮಿತಿಯಿದೆ. ಅದರ ಕಿರಣ ಸ್ವಲ್ಪ ಮೇಲ್ಮುಖವಾಗಿ ಹೊರಡುತ್ತದೆ, ಭೂಮಿ ದುಂಡಗಿದೆ. ನೂರು ಕಿ.ಮೀ. ದೂರ ಹೋಗುವಷ್ಟರಲ್ಲಿ ಕಿರಣ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಮೇಲಿರುತ್ತದೆ. ಮೋಡದ ನಡುವಿನ ಸುತ್ತಾಟ ಅದಕ್ಕೆ ಕಾಣುತ್ತದೆ, ನೆಲದ ಮೇಲೆ ನಡೆಯುತ್ತಿರುವುದು ಕಾಣುವುದಿಲ್ಲ. ಅದನ್ನು ನೋಡಬೇಕಾದವರು ರಸ್ತೆಯಲ್ಲಿ ನಿಂತ ಮನುಷ್ಯರೇ.

ಅಮೆರಿಕದ ಹವಾಮಾನ ಸೇವೆಯ ‘ಸ್ಕೈವಾರ್ನ್’ ಯೋಜನೆಯಲ್ಲಿ ತರಬೇತಾದ ಮೂರೂವರೆ ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರಿದ್ದಾರೆ. ಅಗ್ನಿಶಾಮಕ ದಳದವರು, ಪೊಲೀಸರು, ರೈತರು, ಹ್ಯಾಮ್ ರೇಡಿಯೊ ಹವ್ಯಾಸಿಗಳು, ನಿವೃತ್ತ ಮೇಷ್ಟ್ರುಗಳು. ಮೋಡದ ತಳದಲ್ಲಿ ಗೋಡೆಯಂತೆ ಇಳಿದ ಭಾಗ ತಿರುಗುತ್ತಿದೆಯೇ, ಬರೀ ಮಳೆಯ ತೆರೆಯೇ ಎಂದು ಬೇರ್ಪಡಿಸಿ ನೋಡುವುದನ್ನು ಒಂದೆರಡು ಗಂಟೆಯ ತರಗತಿಯಲ್ಲಿ ಕಲಿಸುತ್ತಾರೆ. ಮೋಡ ಎದ್ದ ದಿನ ಇವರು ತಂತಮ್ಮ ಊರಂಚಿಗೆ ಹೋಗಿ ನಿಲ್ಲುತ್ತಾರೆ. ಇವರ ಒಂದು ಫೋನ್ ಕರೆ ಬಂದೊಡನೆ ಎಚ್ಚರಿಕೆಯ ಒಕ್ಕಣೆಯೇ ಬದಲಾಗುತ್ತದೆ. ‘ರಾಡಾರ್ ಸೂಚಿಸಿದೆ’ ಎಂಬಲ್ಲಿ ‘ಕಣ್ಣಾರೆ ಕಂಡಿದೆ’ ಎಂದು ಸೇರಿಕೊಳ್ಳುತ್ತದೆ.

ಇವರಿಗಿಂತ ಬೇರೆಯ ಗುಂಪು ಬಿರುಗಾಳಿಯ ಬೆನ್ನು ಹತ್ತುವವರದು. 1996ರ ‘ಟ್ವಿಸ್ಟರ್’ ಚಿತ್ರದಿಂದ ಜಗತ್ತಿಗೆಲ್ಲ ಪರಿಚಯವಾದವರು. ಇವರಲ್ಲಿ ಹುಚ್ಚು ಸಾಹಸಿಗಳೂ ಇದ್ದಾರೆ, ಗಂಭೀರ ಸಂಶೋಧಕರೂ ಇದ್ದಾರೆ. ಎಂಜಿನಿಯರ್ ಟಿಮ್ ಸಮಾರಸ್ ಎರಡನೇ ಸಾಲಿನವರು. 2003ರ ಜೂನ್ 24ರಂದು ದಕ್ಷಿಣ ಡಕೋಟದ ಮ್ಯಾಂಚೆಸ್ಟರ್ ಎಂಬಲ್ಲಿ ಸುಂಟರಗಾಳಿಯ ದಾರಿಯಲ್ಲೇ ಇವರು ಇಟ್ಟುಬಂದ ಚಪ್ಪಟೆ ಉಪಕರಣದ ಮೇಲೆ ಅದು ಹಾದುಹೋಯಿತು. ಕೆಲವೇ ಕ್ಷಣಗಳಲ್ಲಿ ಗಾಳಿಯ ಒತ್ತಡ ನೂರು ಮಿಲಿಬಾರ್‌ನಷ್ಟು ಕುಸಿದದ್ದು ದಾಖಲಾಯಿತು. ಅಲ್ಲಿಯವರೆಗೆ ಸುಂಟರಗಾಳಿಯ ಒಳಗಿನಿಂದ ಅಂಥ ಅಳತೆ ಸಿಕ್ಕಿರಲಿಲ್ಲ.

ಬೀದಿಯ ಹೆಸರು ಹಿಡಿದು ಹೇಳುವ ದನಿ

ಎಚ್ಚರಿಕೆಯ ಆಡಳಿತ ಮೂರು ಹಂತದ್ದು. ದಿನಗಳ ಮುಂಚೆ ಯಾವ ಸೀಮೆಗೆ ಅಪಾಯವಿದೆ ಎಂದು ನಾರ್ಮನ್‌ನಲ್ಲಿರುವ ಬಿರುಗಾಳಿ ಮುನ್ಸೂಚನಾ ಕೇಂದ್ರ ಹೇಳುತ್ತದೆ. ಗಂಟೆಗಳ ಮುಂಚೆ ಅದೇ ಕೇಂದ್ರ ‘ವಾಚ್’ ಹೊರಡಿಸುತ್ತದೆ, ಪರಿಸ್ಥಿತಿ ಕೂಡಿಬಂದಿದೆ, ಆಕಾಶದ ಮೇಲೆ ಕಣ್ಣಿಡಿ ಎಂದು. ನಿಮಿಷಗಳ ಮುಂಚಿನ ‘ವಾರ್ನಿಂಗ್’ ಮಾತ್ರ ಆಯಾ ಪ್ರದೇಶದ ಕಚೇರಿಯ ಹೊಣೆ. ದೇಶದಲ್ಲಿ ಅಂಥ 122 ಕಚೇರಿಗಳಿವೆ. ಇದು ಬಂದರೆ ಕೂಡಲೇ ಒಳಗೆ ಹೋಗಬೇಕು, ಮರುಮಾತಿಲ್ಲ. 2007ರವರೆಗೆ ಇಡೀ ಕೌಂಟಿಗೇ, ಎಂದರೆ ನಮ್ಮ ಜಿಲ್ಲೆಯಂಥ ಪ್ರದೇಶಕ್ಕೇ, ಎಚ್ಚರಿಕೆ ಕೊಡುತ್ತಿದ್ದರು. ಆ ವರ್ಷದ ಅಕ್ಟೋಬರ್‌ನಿಂದ ಮೋಡ ಸಾಗುವ ದಾರಿಗೆ ತಕ್ಕಂತೆ ನಕ್ಷೆಯ ಮೇಲೆ ಗೆರೆ ಎಳೆದು, ಅದರೊಳಗಿನ ಊರುಗಳಿಗಷ್ಟೇ ಹೇಳುವ ಪದ್ಧತಿ ಬಂತು. 2012ರಿಂದ ಆ ಗೆರೆಯ ವ್ಯಾಪ್ತಿಯ ಮೊಬೈಲ್‌ಗಳೆಲ್ಲ ಒಟ್ಟಿಗೆ ಕಿರುಚತೊಡಗಿದವು.

ಇಷ್ಟಾದರೂ ಒಕ್ಲಹೋಮದ ಮನೆಗಳಲ್ಲಿ ಜನ ಮೊದಲು ಹಾಕುವುದು ಸ್ಥಳೀಯ ಟಿ.ವಿ. ಚಾನೆಲ್. ಅಲ್ಲಿನ ಹವಾಮಾನ ನಿರೂಪಕರು ಮನೆಮಾತಾದವರು. ನಾಲ್ಕು ದಶಕ ಒಕ್ಲಹೋಮ ಸಿಟಿಯ ಚಾನೆಲ್‌ನಲ್ಲಿದ್ದ ಗ್ಯಾರಿ ಇಂಗ್ಲೆಂಡ್ 1980ರ ದಶಕದ ಆರಂಭದಲ್ಲೇ, ಸರ್ಕಾರಕ್ಕಿಂತ ಮೊದಲೇ, ಡಾಪ್ಲರ್ ರಾಡಾರ್ ತರಿಸಿಕೊಂಡು ನೇರವಾಗಿ ಜನರಿಗೆ ಎಚ್ಚರಿಕೆ ಹೇಳಿದವರು. ‘ಟ್ವಿಸ್ಟರ್’ ಚಿತ್ರದಲ್ಲಿ ತಮ್ಮದೇ ಪಾತ್ರದಲ್ಲಿ ಕಾಣಿಸಿಕೊಂಡವರು. ಮೋಡ ಎದ್ದಿತೆಂದರೆ ಇಂಥವರು ಬೇರೆಲ್ಲ ಕಾರ್ಯಕ್ರಮ ಬದಿಗಿಟ್ಟು ಗಂಟೆಗಟ್ಟಲೆ ಮಾತಾಡುತ್ತಾರೆ. ಯಾವ ಬೀದಿ, ಯಾವ ಚರ್ಚು, ಯಾವ ಅಂಗಡಿಯ ಹತ್ತಿರ ಗಾಳಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೆಸರು ಹಿಡಿದು ಹೇಳುತ್ತಾರೆ. 1999ರ ಮೇ 3ರ ಸಂಜೆ ಇದೇ ಮೂರ್ ಪಟ್ಟಣದ ಮೂಲಕ ಹಾದ ಸುಂಟರಗಾಳಿಯಲ್ಲಿ ಸಂಚಾರಿ ರಾಡಾರ್ ಅಳೆದ ವೇಗ ಗಂಟೆಗೆ ಸುಮಾರು 480 ಕಿ.ಮೀ. ಭೂಮಿಯ ಮೇಲೆ ಅಳೆದ ಅತಿ ವೇಗದ ಗಾಳಿಗಳಲ್ಲಿ ಅದೂ ಒಂದು. ಸಾವಿರಾರು ಮನೆ ನೆಲಕಚ್ಚಿದರೂ ಸಾವು 36ಕ್ಕೆ ನಿಂತದ್ದರಲ್ಲಿ ಈ ದನಿಗಳ ಪಾಲು ದೊಡ್ಡದು. ‘ಟಾರ್ನೆಡೊ ಎಮರ್ಜೆನ್ಸಿ’ ಎಂಬ ಘೋಷಣೆ ಮೊದಲ ಬಾರಿಗೆ ಹೊರಬಿದ್ದದ್ದೂ ಅಂದೇ.

ಕೇಳಿಸಿತು, ಏಳಲಿಲ್ಲ

ಹಾಗಾದರೆ ಸಮಸ್ಯೆ ಬಗೆಹರಿಯಿತೇ? 2011ರ ಮೇ 22ರ ಭಾನುವಾರ ಮಿಸೌರಿಯ ಜಾಪ್ಲಿನ್ ನಗರದಲ್ಲಿ ನಡೆದದ್ದು ಈ ಪ್ರಶ್ನೆಗೆ ಕಹಿ ಉತ್ತರ. ಸುಂಟರಗಾಳಿ ನಗರಕ್ಕೆ ನುಗ್ಗುವ ಹದಿನೇಳು ನಿಮಿಷದಷ್ಟು ಮೊದಲೇ ಎಚ್ಚರಿಕೆ ಹೊರಟಿತ್ತು. ಸೈರನ್ ಎರಡು ಸಲ ಕೂಗಿತ್ತು. ಆದರೂ ಗಾಳಿಯಿಂದ ನೇರವಾಗಿ ಸತ್ತವರು 158 ಮಂದಿ. 1950ರ ನಂತರ ಅಮೆರಿಕದಲ್ಲಿ ಒಂದೇ ಸುಂಟರಗಾಳಿ ಇಷ್ಟು ಜನರನ್ನು ಕೊಂದದ್ದಿಲ್ಲ.

ತನಿಖೆಗೆ ಹೋದವರು ಬದುಕುಳಿದವರನ್ನು ಮಾತಾಡಿಸಿದಾಗ ಹೆಚ್ಚಿನವರು ಹೇಳಿದ್ದು ಒಂದೇ. ಸೈರನ್ ಕೇಳಿಸಿತು, ಆದರೆ ಅದು ಆಗಾಗ ಕೂಗುತ್ತಲೇ ಇರುತ್ತದೆ. ಟಿ.ವಿ. ಹಾಕಿದರು, ಕಿಟಕಿಯಿಂದ ಇಣುಕಿದರು, ಬಾಗಿಲಾಚೆ ಬಂದು ಆಕಾಶ ನೋಡಿದರು, ನೆಂಟರಿಗೆ ಫೋನ್ ಮಾಡಿದರು. ಎರಡನೇ, ಮೂರನೇ ಸುಳಿವು ಸಿಕ್ಕ ಮೇಲಷ್ಟೇ ಎದ್ದರು. ಅವರದ್ದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ. ಅಪಾಯ ನಿಜವೇ ಎಂದು ಖಚಿತಪಡಿಸಿಕೊಳ್ಳದೆ ಕೈಯಲ್ಲಿದ್ದ ಕೆಲಸ ಬಿಟ್ಟೋಡುವವರು ಎಲ್ಲಿಯೂ ಕಡಿಮೆ. ಹದಿನೇಳು ನಿಮಿಷಗಳಲ್ಲಿ ಎಷ್ಟೋ ಹೀಗೆ ಸೋರಿಹೋದವು.

ಇದರ ಹಿಂದೆ ಫಿನ್ಲೆಯನ್ನು ಕಾಡಿದ ಲೆಕ್ಕವೇ ಇದೆ. ಇಂದಿಗೂ ಸುಂಟರಗಾಳಿಯ ನಾಲ್ಕು ಎಚ್ಚರಿಕೆಗಳಲ್ಲಿ ಸುಮಾರು ಮೂರು ಸುಳ್ಳಾಗುತ್ತವೆ. ಒಂದು ಎಚ್ಚರಿಕೆ ತಪ್ಪಿಸಿಕೊಂಡರೆ ಊರು ಹೋಗುತ್ತದೆ ಎಂಬ ಭಯಕ್ಕೆ ಮುನ್ಸೂಚಕರು ಅನುಮಾನ ಬಂದ ಕಡೆಯೆಲ್ಲ ಗಂಟೆ ಬಾರಿಸುತ್ತಾರೆ. ಸುಳ್ಳು ಎಚ್ಚರಿಕೆ ಹೆಚ್ಚಿರುವ ಪ್ರದೇಶಗಳಲ್ಲಿ ಸಾವುನೋವೂ ಹೆಚ್ಚು ಎಂದು ಅರ್ಥಶಾಸ್ತ್ರಜ್ಞರಾದ ಕೆವಿನ್ ಸಿಮನ್ಸ್ ಮತ್ತು ಡೇನಿಯಲ್ ಸಟರ್ 2009ರಲ್ಲಿ ತೋರಿಸಿದರು. ಎಂದರೆ ಅತಿ ಎಚ್ಚರವೂ ಕೊಲ್ಲಬಲ್ಲದು. ಜಾಪ್ಲಿನ್ ನಂತರ ಎಚ್ಚರಿಕೆಯ ಭಾಷೆ ಬದಲಾಯಿತು. ತೀರಾ ಅಪಾಯದ ಸಂದರ್ಭದಲ್ಲಿ ಮನೆಗಳು ನೆಲಸಮವಾಗುತ್ತವೆ, ಅಡಗದಿದ್ದರೆ ಸಾಯುತ್ತೀರಿ ಎಂಬಂಥ ನೇರ ಮಾತುಗಳು ಸೇರಿದವು.

ಹನ್ನೊಂದು ದಿನದ ನಂತರ

ಭಯ ಕಡಿಮೆಯಾದರೆ ಒಂದು ಅಪಾಯ, ಹೆಚ್ಚಾದರೆ ಇನ್ನೊಂದು. ಮೂರ್ ಪಟ್ಟಣ ಹೆಣಗಳನ್ನು ಮಣ್ಣು ಮಾಡಿ ಇನ್ನೂ ಸುಧಾರಿಸಿಕೊಂಡಿರಲಿಲ್ಲ. 2013ರ ಮೇ 31ರ ಶುಕ್ರವಾರ ಸಂಜೆ ಒಕ್ಲಹೋಮ ಸಿಟಿಯ ಪಶ್ಚಿಮಕ್ಕಿರುವ ಎಲ್ ರೀನೊ ಬಳಿ ಮತ್ತೊಂದು ಸುಂಟರಗಾಳಿ ಇಳಿಯಿತು. ಅಗಲ 4.2 ಕಿ.ಮೀ., ಇಂದಿಗೂ ದಾಖಲೆ. ಅದರ ಬಹುಭಾಗ ಹೊಲಗದ್ದೆಗಳ ಮೇಲೆ ಹಾದುಹೋಯಿತು, ಇಲ್ಲದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ಹನ್ನೊಂದು ದಿನದ ಹಿಂದಿನ ಚಿತ್ರ ಜನರ ಕಣ್ಣ ಮುಂದಿತ್ತು. ಮನೆಯೊಳಗಿದ್ದರೆ ಉಳಿಗಾಲವಿಲ್ಲ ಎನಿಸಿ ಸಾವಿರಾರು ಮಂದಿ ಕಾರು ಹತ್ತಿದರು. ಟಿ.ವಿ.ಯಲ್ಲೂ ಒಂದು ಕಡೆಯಿಂದ ದಕ್ಷಿಣಕ್ಕೆ ಹೊರಟುಹೋಗಿ ಎಂಬ ಸಲಹೆ ಬಂತು. ಸಂಜೆ ಆಫೀಸು ಬಿಡುವ ಹೊತ್ತು, ಹೆದ್ದಾರಿಗಳು ಕಟ್ಟಿಕೊಂಡು ನಿಂತವು. ಸುಂಟರಗಾಳಿ ಆ ವಾಹನಗಳ ಸಾಲಿಗೆ ಮುಟ್ಟುವ ಮುಂಚೆ ಕರಗಿದ್ದು ಒಕ್ಲಹೋಮದ ಅದೃಷ್ಟ. ಆದರೂ ಅದಕ್ಕೆ ಬಲಿಯಾದ ಎಂಟೂ ಮಂದಿ ವಾಹನದಲ್ಲಿದ್ದವರೇ. ಅವರಲ್ಲಿ ಟಿಮ್ ಸಮಾರಸ್, ಅವರ ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ಇದ್ದರು. ಸುಂಟರಗಾಳಿ ಏಕಾಏಕಿ ದಿಕ್ಕು ಬದಲಿಸಿ, ವೇಗ ಹೆಚ್ಚಿಸಿಕೊಂಡು, ಮಳೆಯ ತೆರೆಯ ಹಿಂದೆ ಅಡಗಿ ಅವರ ಮೇಲೆ ಬಂದಿತ್ತು. ಅಷ್ಟು ಬಲ್ಲವರಿಗೇ ರಸ್ತೆಯಲ್ಲಿ ತಪ್ಪಿಸಿಕೊಳ್ಳಲಾಗಲಿಲ್ಲ.

1999ರಲ್ಲೂ ಹೀಗೇ ಒಂದು ಪಾಠವಾಗಿತ್ತು. ಹೆದ್ದಾರಿಯ ಮೇಲ್ಸೇತುವೆಯ ಕೆಳಗೆ ಅವಿತರೆ ಬಚಾವು ಎಂದು ಜನ ನಂಬಿದ್ದರು. ಇಕ್ಕಟ್ಟಿನ ಜಾಗದಲ್ಲಿ ಗಾಳಿಯ ವೇಗ ಇನ್ನೂ ಹೆಚ್ಚುತ್ತದೆ. ಹಾಗೆ ಅವಿತವರಲ್ಲಿ ಮೂವರು ಅಂದು ಸತ್ತರು.

ಗೋಡೆಯೂ ಎಚ್ಚರಿಕೆಯ ಭಾಗ

2011ರ ಏಪ್ರಿಲ್ 27ರಂದು ಅಲಬಾಮಾ ಮತ್ತು ಸುತ್ತಲಿನ ರಾಜ್ಯಗಳಲ್ಲಿ ಎದ್ದ ಸುಂಟರಗಾಳಿಗಳ ಸರಣಿಗೆ ಸರಾಸರಿ 20 ನಿಮಿಷಕ್ಕೂ ಹೆಚ್ಚಿನ ಮುಂಗಡ ಎಚ್ಚರಿಕೆ ಸಿಕ್ಕಿತ್ತು. ಒಂದೇ ದಿನದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಮುನ್ಸೂಚನೆ ಸರಿಯಾಗಿಯೇ ಇತ್ತು, ಅಡಗಲು ಗಟ್ಟಿಯಾದ ಜಾಗ ಎಲ್ಲರಿಗೂ ಇರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಬಡವರು ‘ಮೊಬೈಲ್ ಹೋಮ್’ಗಳಲ್ಲಿ, ಎಂದರೆ ಕಾರ್ಖಾನೆಯಲ್ಲಿ ಕಟ್ಟಿ ತಂದಿಟ್ಟ, ನೆಲಕ್ಕೆ ಸರಿಯಾಗಿ ಬೇರೂರದ ಹಗುರ ಮನೆಗಳಲ್ಲಿ ಇರುತ್ತಾರೆ. ಅಲ್ಲಿ ಸುಂಟರಗಾಳಿಗಳು ರಾತ್ರಿ ಬರುವುದೂ ಹೆಚ್ಚು. ಮಲಗಿದವರು ಎಚ್ಚರಿಕೆ ಕೇಳುವುದು ಕಷ್ಟ, ಕೇಳಿದರೂ ಓಡಿಹೋಗಲು ಹತ್ತಿರದಲ್ಲಿ ಆಶ್ರಯವಿರುವುದು ಇನ್ನೂ ಕಷ್ಟ.

ಪ್ಲಾಜಾ ಟವರ್ಸ್ ಶಾಲೆಗೂ ಎಚ್ಚರಿಕೆ ತಲುಪಿತ್ತು. ಶಿಕ್ಷಕಿಯರು ಮಕ್ಕಳನ್ನು ಗೋಡೆಯಂಚಿಗೆ ಕೂರಿಸಿ ಮೇಲೆ ಬಗ್ಗಿ ಕಾಪಾಡಲು ನೋಡಿದ್ದರು. ಗೋಡೆಯೇ ಮಗುಚಿತು. ಮರುವರ್ಷ ಹೊಸದಾಗಿ ತೆರೆದ ಆ ಶಾಲೆಯಲ್ಲೂ ಬ್ರೈಯರ್‌ವುಡ್‌ನಲ್ಲೂ ಕಾಂಕ್ರೀಟಿನ ಸುರಕ್ಷಿತ ಕೋಣೆಗಳು ಬಂದವು. ಮೂರ್ ನಗರಸಭೆ 2014ರಲ್ಲಿ ಕಟ್ಟಡದ ನಿಯಮವನ್ನೇ ಬದಲಿಸಿತು. ಹೊಸ ಮನೆಗಳು ಗಂಟೆಗೆ ಸುಮಾರು 217 ಕಿ.ಮೀ. ವೇಗದ ಗಾಳಿ ತಡೆಯುವಂತಿರಬೇಕು. ಸೂರಿನ ಮರವನ್ನು ಗೋಡೆಗೆ ಲೋಹದ ಪಟ್ಟಿಯಿಂದ ಬಿಗಿಯುವುದು, ಗ್ಯಾರೇಜಿನ ಬಾಗಿಲು ಗಟ್ಟಿಯಿರುವುದು ಇಂಥ ಸಾಮಾನ್ಯ ಬದಲಾವಣೆಗಳೇ ಹೆಚ್ಚು. ಅತಿ ಬಲದ ಸುಂಟರಗಾಳಿಗೆ ಇವು ಸಾಲವು. ಆದರೆ ಸುಂಟರಗಾಳಿಗಳಲ್ಲಿ ಬಹುಪಾಲು ಅತಿ ಬಲದವಲ್ಲ.

ನಮ್ಮ ಕಡೆಯ ಲೆಕ್ಕ

ಸುಂಟರಗಾಳಿ ಅಮೆರಿಕದ ಪಾಡು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಎದ್ದದ್ದು 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ, ಸಟೂರಿಯಾ ಪ್ರದೇಶದಲ್ಲಿ, ಸತ್ತವರು ಸುಮಾರು 1,300. 1978ರ ಮಾರ್ಚ್ 17ರಂದು ದೆಹಲಿಯಲ್ಲೇ ಸುಂಟರಗಾಳಿಗೆ 28 ಮಂದಿ ಬಲಿಯಾದರು. 1998ರ ಮಾರ್ಚ್‌ನಲ್ಲಿ ಪಶ್ಚಿಮ ಬಂಗಾಳದ ದಾಂತನ್ ಸುತ್ತಮುತ್ತ ನೂರಕ್ಕೂ ಹೆಚ್ಚು ಜನ ಸತ್ತರು. 2024ರ ಮಾರ್ಚ್ 31ರಂದು ಜಲಪಾಯ್‌ಗುರಿಯ ಮೈನಾಗುರಿ ಬಳಿ ಮತ್ತೆ ಸಾವುನೋವಾಯಿತು. ಬಂಗಾಳ ಕೊಲ್ಲಿಯ ತೇವದ ಗಾಳಿ ಮತ್ತು ಒಳನಾಡಿನ ಒಣಗಾಳಿ ಎದುರಾಗುವ ಆ ಸೀಮೆ ಒಕ್ಲಹೋಮಕ್ಕೆ ದೂರದ ಸಂಬಂಧಿ.

ಕರ್ನಾಟಕದಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಮೋಡ ಕೊಲ್ಲುವುದು ಮುಖ್ಯವಾಗಿ ಸಿಡಿಲಿನಿಂದ. ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ, ಬಹುಪಾಲು ಹೊಲದಲ್ಲಿದ್ದವರು, ಕುರಿ ಕಾಯುತ್ತಿದ್ದವರು, ಮರದಡಿ ನಿಂತವರು. ಎಚ್ಚರಿಕೆಯ ಯಂತ್ರ ನಮ್ಮಲ್ಲೂ ತಯಾರಾಗಿದೆ. ಹವಾಮಾನ ಇಲಾಖೆ ಮೂರು ಗಂಟೆಯ ತತ್‌ಕ್ಷಣದ ಮುನ್ಸೂಚನೆ ಕೊಡುತ್ತದೆ. ಪುಣೆಯ ಸಂಸ್ಥೆ ರೂಪಿಸಿದ ‘ದಾಮಿನಿ’ ಮತ್ತು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್‌ಗಳು ಹತ್ತಿರದ ಸಿಡಿಲಿನ ಸುಳಿವು ಕೊಡುತ್ತವೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಮೊಬೈಲ್‌ಗಳೆಲ್ಲ ಒಮ್ಮೆಲೇ ಕಿರುಚಿ ಬೆಚ್ಚಿಬೀಳಿಸಿದ್ದು ನೆನಪಿರಬಹುದು, ಅದು ಇಂಥದೇ ವ್ಯವಸ್ಥೆಯ ಪರೀಕ್ಷೆ. ಆದರೆ ಫೋನ್ ಮನೆಯಲ್ಲಿಟ್ಟು ಹೊಲಕ್ಕೆ ಹೋದವನಿಗೆ ಆ ಸುದ್ದಿ ಮುಟ್ಟಿಸುವ ಊರಿನ ದನಿ ಯಾವುದು? ಬಯಲಲ್ಲಿ ಸಿಕ್ಕಿಕೊಂಡವನು ಓಡಿಹೋಗಬೇಕಾದ ಗಟ್ಟಿ ಸೂರು ಎಲ್ಲಿದೆ? ಆ್ಯಪ್ ಮಾಡಿದ ಮೇಲೂ ಈ ಎರಡು ಪ್ರಶ್ನೆ ಉಳಿದೇ ಇವೆ. ಗ್ರಾಮ ಪಂಚಾಯಿತಿಗಳು ಉತ್ತರ ಹುಡುಕಬೇಕಾದ ಪ್ರಶ್ನೆಗಳಿವು.

ಸುಂಟರಗಾಳಿಯ ಸೀಮೆಯಲ್ಲೇ ಈಗ ಕನ್ನಡಿಗರ ಮನೆಗಳೂ ಇವೆ. ಟೆಕ್ಸಸ್‌ನ ಡಲ್ಲಾಸ್ ಸುತ್ತಲಿನ ಉಪನಗರಗಳಲ್ಲಿ ನೆಲೆಸಿದವರು ಅನೇಕರು. 2015ರ ಡಿಸೆಂಬರ್ 26ರ ರಾತ್ರಿ ಅಲ್ಲಿನ ಗಾರ್ಲೆಂಡ್, ರೌಲೆಟ್ ಪ್ರದೇಶಕ್ಕೆ ಬಡಿದ ಸುಂಟರಗಾಳಿಯಲ್ಲಿ ಸತ್ತವರ ಪೈಕಿ ಹೆಚ್ಚಿನವರು ಹೆದ್ದಾರಿಯಲ್ಲಿ ಕಾರಿನಲ್ಲಿದ್ದರು. 2019ರ ಅಕ್ಟೋಬರ್ 20ರ ಭಾನುವಾರ ರಾತ್ರಿ ಉತ್ತರ ಡಲ್ಲಾಸ್‌ಗೆ ನುಗ್ಗಿದ ಸುಂಟರಗಾಳಿಯ ವೇಳೆ ಸ್ಥಳೀಯ ಚಾನೆಲ್ಲೊಂದು ಫುಟ್‌ಬಾಲ್ ಪಂದ್ಯ ನಿಲ್ಲಿಸಿ ಸುದ್ದಿ ಹೇಳಲು ಆರು ನಿಮಿಷ ತಡಮಾಡಿ ಆಮೇಲೆ ಕ್ಷಮೆ ಕೇಳಿತು. ಅಂದು ಒಂದು ಪ್ರಾಣವೂ ಹೋಗಲಿಲ್ಲ. ಆರು ನಿಮಿಷಕ್ಕೂ ಲೆಕ್ಕ ಕೊಡಬೇಕೆಂದು ಜನ ಕೇಳುವ ಊರು ಅದು.

ಆ ಕಡೆ ಇರುವವರು, ಅಲ್ಲಿ ಮಕ್ಕಳ ಮನೆಗೆ ಹೋಗಿಬರುವ ಅಪ್ಪ ಅಮ್ಮಂದಿರು ತಿಳಿದಿರಬೇಕಾದದ್ದು ಇಷ್ಟೆ. ಟೆಕ್ಸಸ್‌ನ ಬಹಳ ಮನೆಗಳಿಗೆ ನೆಲಮಾಳಿಗೆ ಇರುವುದಿಲ್ಲ. ಕೆಳ ಅಂತಸ್ತಿನಲ್ಲಿ, ಮನೆಯ ನಡುಭಾಗದಲ್ಲಿ, ಕಿಟಕಿಯಿಲ್ಲದ ಬಚ್ಚಲುಮನೆ ಅಥವಾ ಬಟ್ಟೆ ಕೋಣೆಯೇ ಆಸರೆ. ಕಾಲಿಗೆ ಗಟ್ಟಿ ಚಪ್ಪಲಿ ಅಥವಾ ಶೂ, ತಲೆಗೆ ಹೆಲ್ಮೆಟ್ ಇದ್ದರೆ ಒಳ್ಳೆಯದು. ಕಾರು ಹತ್ತಬೇಡಿ, ವಿಡಿಯೊ ಮಾಡಲು ಬಾಗಿಲಿಗೆ ಹೋಗಬೇಡಿ, ಎರಡನೇ ಸೈರನ್‌ಗೆ ಕಾಯಬೇಡಿ. ಮಗ, ಸೊಸೆ ಆಫೀಸಿಗೆ ಹೋದ ಹೊತ್ತಿನಲ್ಲಿ ಫೋನ್ ಕಿರುಚಿದರೆ ಯಾವ ಕೋಣೆಗೆ ಹೋಗಬೇಕೆಂದು ಹಿರಿಯರಿಗೆ ಮೊದಲೇ, ಕನ್ನಡದಲ್ಲೇ ಹೇಳಿ, ಒಮ್ಮೆ ಕರೆದೊಯ್ದು ತೋರಿಸಿ. ಇಲ್ಲಿ ಊರಲ್ಲಿರುವವರು ಗುಡುಗಿನ ಸದ್ದು ಕೇಳಿದೊಡನೆ ಮರದಡಿಯಿಂದ ಎದ್ದು ಪಕ್ಕಾ ಮನೆಯೊಳಗೆ ಹೋಗಿ, ಪಕ್ಕದ ಹೊಲದವರನ್ನೂ ಕೂಗಿ ಕರೆಯಿರಿ. ಎಚ್ಚರಿಕೆ ಹೊರಡಿಸುವುದು ಇಲಾಖೆಯ ಕೆಲಸ. ಅದು ಪಕ್ಕದವರ ಕಿವಿಗೂ ಬೀಳುವಂತೆ ನೋಡಿಕೊಳ್ಳುವುದು ನಮ್ಮ ನಿಮ್ಮ ಕೆಲಸ.